ಕೆಸರಿನ ಮುಂದೆ ನನ್ನ ಎಡಗೈ

ಅಪ್ಪ ಜೀಪಿನ ಕೀಲಿಯನ್ನು ಅತ್ತಿಗೆಯ ಕೈಗೆ ಕೊಟ್ಟಾಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಇಡೀ ಮನೆಗೆ ಅಡುಗೆ ಮಾಡಬಹುದಿತ್ತು.

ಅವಳು ಮೊನ್ನೆ ಮೊನ್ನೆ ಅಣ್ಣನನ್ನು ಮದುವೆಯಾಗಿ ಬಂದವಳು. ನಾನೋ, ಹಾಲುಹಲ್ಲು ಬೀಳುವ ಮೊದಲೇ ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿ ಕೊಟ್ಟವಳು. ಆ ಜೀಪಿನ ಒಂದೊಂದು ನಟ್ಟೂ ನನ್ನ ನೆಂಟ. ಲೈಸೆನ್ಸ್ ಬಂದ ದಿನವೇ ಕೀಲಿ ನನ್ನದು ಅಂದುಕೊಂಡಿದ್ದೆ.

"ಅಪ್ಪಾ, ಇವತ್ತು ಫಾರೆಸ್ಟ್ ಗಾರ್ಡ್ ಬೇರೆ ಬರ್ತಾರೆ. ನಾನೇ ಓಡಿಸ್ತೀನಿ."

"ನಿನ್ ಕಾಲಿಗೆ ಅವಸರ ಜಾಸ್ತಿ ಕಣೇ. ಅವಳು ನಿಧಾನ. ನೀನು ಮುಂದೆ ನಡ್ಕೊಂಡು ಹೋಗಿ ಕೈ ತೋರ್ಸು."

"ನಾನೇನು ಟ್ರಾಫಿಕ್ ಪೊಲೀಸಾ?"

"ಆಗಿದ್ರೆ ಸಂಬಳನಾದ್ರೂ ಬರ್ತಿತ್ತು. ನಡಿ."

ನಾವು ಜೀಪು ಹತ್ತಿಸುವ ಗುಡ್ಡದ ಕಾಡುದಾರಿ ಎಲ್ಲರದ್ದು. ಆದರೆ ಟೈರಿಗೆ ಕೆಸರಾಗಬಾರದೆಂದು ಕೆಲವರು ಹೊಂಡದ ಪಕ್ಕದ ಹುಲ್ಲಿನ ಮೇಲೆ ಹತ್ತಿಸಿ, ಒಂದು ದಾರಿಯನ್ನು ಮೂರು ಮಾಡಿದ್ದರು. ಅರಣ್ಯದ ಗಾರ್ಡ್ ಸಿಟ್ಟಾಗಿದ್ದರು. ಇವತ್ತು ನಮ್ಮ ಜೀಪಿನ ಹಿಂದೆ ನಡೆದು ಬಂದು ನೋಡುತ್ತಾರೆ. ಹುಲ್ಲಿನ ಮೇಲೆ ಚಕ್ರದ ಒಂದು ಹೊಸ ಗುರುತು ಕಂಡರೂ ದಾರಿಯ ಗೇಟಿಗೆ ಬೀಗ. ಆಮೇಲೆ ಯಾರೂ ಹೋಗುವಂತಿಲ್ಲ.

"ಕೆಸರಿದ್ರೆ ಕೆಸರಲ್ಲೇ ಹೋಗು. ಜೀಪು ತೊಳೆದ್ರಾಯ್ತು, ಹುಲ್ಲು ಹೊಲಿಯೋಕಾಗುತ್ತಾ?" ಇದು ಅಪ್ಪನ ಒಂದೇ ಪಾಠ.

ತಿರುವು ದಾಟಿದರೆ ದೊಡ್ಡ ಹೊಂಡ. ಅಪ್ಪ, ಗಾರ್ಡ್ ಇನ್ನೂ ಹಿಂದೆ ಇದ್ದರು. ನಾನು ಹೊಂಡದ ಆಚೆ ನಿಂತು ಅತ್ತಿಗೆಯ ಕಡೆ ತಿರುಗಿದೆ. ಬಾನೆಟ್ಟಿನಾಚೆಯ ನೆಲ ಅವಳಿಗೆ ಕಾಣುವುದಿಲ್ಲ. ನನ್ನ ಕೈ ಹೇಳಿದ್ದೇ ದಾರಿ. ನನ್ನ ಎಡಕ್ಕೆ ಒಣಗಿದ, ಮೆತ್ತನೆಯ ಹುಲ್ಲು.

ಎಡಗೈ ಸ್ವಲ್ಪ ಎತ್ತಿದರೆ ಸಾಕು. ಒಂದು ಚಕ್ರ ಹುಲ್ಲಿಗೆ, ಕೀಲಿ ಅಪ್ಪನ ಜೇಬಿಗೆ, ಅಲ್ಲಿಂದ ನನ್ನ ಕೈಗೆ!

ಕೈ ಎದ್ದೇಬಿಟ್ಟಿತು.

ಆಮೇಲೆ ಹೊಳೆಯಿತು: ಗೇಟಿಗೆ ಬೀಗ ಬಿದ್ದರೆ ಕೀಲಿ ಇಟ್ಟುಕೊಂಡು ನಾನೇನು ಕಿವಿ ಕೆರೆದುಕೊಳ್ಳಲೇ? ಕೈ ಇಳಿಸಿ, ಎರಡೂ ಅಂಗೈ ಎದುರುಬದುರು ಹಿಡಿದು ನೇರವಾಗಿ ಕರೆದೆ.

ಅತ್ತಿಗೆ ನೇರವಾಗಿ ಬಂದಳು. ನೇರವಾಗಿ ಹೂತುಹೋದಳು. ಆಹಾ, ಹೊಟ್ಟೆ ಎಷ್ಟು ತಣ್ಣಗಾಯಿತು!

ಆ ತಂಪು ಹೆಚ್ಚು ಹೊತ್ತು ಉಳಿಯಲಿಲ್ಲ. ಗಾರ್ಡ್ ಬಂದರು. ಹೊಂಡ ನೋಡಿದರು, ಬಗ್ಗಿ ಹುಲ್ಲು ನೋಡಿದರು.

"ಪಕ್ಕದಲ್ಲಿ ಇಷ್ಟು ಜಾಗ ಇದ್ರೂ ಹೂತ್ಕೊಂಡ್ರಲ್ಲಮ್ಮಾ! ಹೀಗೆ ಓಡಿಸೋರಿದ್ರೆ ನಾನ್ಯಾಕೆ ಬೀಗ ಹಾಕ್ಲಿ?"

"ನಮ್ ಸೊಸೆ," ಎಂದು ಅಪ್ಪ ಎದೆ ಉಬ್ಬಿಸಿದರು.

ಓಡಿಸಿದರೂ ಹೊಗಳಿಕೆ, ಹೂತರೂ ಹೊಗಳಿಕೆ! ಮೊಣಕಾಲುದ್ದ ಕೆಸರಿಗೆ ಇಳಿದವಳು ಮಾತ್ರ ನಾನು. ಎದುರಿನ ಮರಕ್ಕೆ ತೊಗಟೆ ಕೆರೆಯದಂತೆ ಅಗಲವಾದ ಪಟ್ಟಿ ಸುತ್ತಿ, ಜೀಪಿನ ಮೂತಿಯಲ್ಲಿದ್ದ, ಹಗ್ಗ ಸುತ್ತಿ ಎಳೆಯುವ ವಿಂಚಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿದೆ. ಜೀಪು ಗೊರಗೊರ ಅನ್ನುತ್ತಾ ಮೇಲೆ ಬಂತು.

ಅಪ್ಪ ಗಾರ್ಡ್ ಜೊತೆ ಮಾತಿಗೆ ನಿಂತರು. ಪಟ್ಟಿ ಬಿಚ್ಚುತ್ತಿದ್ದ ನನ್ನ ಪಕ್ಕ ಅತ್ತಿಗೆ ಬಂದು ಮೆಲ್ಲಗೆ ಅಂದಳು, "ಎಡಗೈ ಎತ್ತಿದ್ಯಲ್ಲ, ನೋಡ್ದೆ."

ನಾನು ಪಟ್ಟಿಯಿಂದ ಕಣ್ಣೆತ್ತಲಿಲ್ಲ. "ಮತ್ತೆ ಯಾಕೆ ತಿರುಗಿಸ್ಲಿಲ್ಲ ಅತ್ತಿಗೆ?"

"ನೀನು ಇಳಿಸ್ತೀಯ ಅಂತ ಕಾದೆ."

"ಇಳಿಸ್ದೆ ಇದ್ದಿದ್ರೆ?"

"ಅಲ್ಲೇ ಕೂತಿರ್ತಿದ್ದೆ. ಮಾವ ಬರೋವರೆಗೂ." ಕೀಲಿಯನ್ನು ನನ್ನ ಕೆಸರು ಕೈಗೆ ಒತ್ತಿದಳು. "ವಾಪಸ್ ನೀನು ಓಡ್ಸು. ಮಾವಂಗೆ ನಾನು ಹೇಳ್ತೀನಿ."

ಛೆ, ಒಳ್ಳೆಯವಳಾಗುವುದರಲ್ಲೂ ನನಗಿಂತ ಮುಂದೆ! ಕೀಲಿ ಸಿಕ್ಕಿತು, ಉರಿ ದುಪ್ಪಟ್ಟಾಯಿತು.

ವಾಪಸ್ ಬರುವಾಗ ಅದೇ ಹೊಂಡ. ಸ್ಟೇರಿಂಗಿನ ಹಿಂದೆ ನಾನು, ಹೊಂಡದಾಚೆ ಅತ್ತಿಗೆ. ನನಗೂ ಬಾನೆಟ್ಟಿನಾಚೆ ಏನೂ ಕಾಣಲಿಲ್ಲ, ಅವಳ ಕೈಗಳು ಬಿಟ್ಟರೆ.

ಹುಲ್ಲಿನ ಕಡೆಯ ಕೈ ಮೆಲ್ಲಗೆ ಮೇಲೆದ್ದಿತು.

ಗಕ್ಕನೆ ಬ್ರೇಕ್ ಒತ್ತಿ ಕಾದೆ.

ಆ ಕೈಯಿಂದ ಮೂಗು ಒರೆಸಿಕೊಂಡು, ಕಳ್ಳಿ, ಹಲ್ಲು ಕಿರಿದಳು. ಆಮೇಲೆ ಎರಡೂ ಅಂಗೈ ಎದುರುಬದುರು ಹಿಡಿದಳು.

ನಾನು ಜೀಪನ್ನು ಕೆಸರಿನ ನಡುವೆಯೇ ಇಳಿಸಿದೆ. ನಿಧಾನವಾಗಿ.