ಡ್ರೈವರಜ್ಜನ ಹೊಸ ಹಲ್ಲು

"ಒಳಗೆ ಬನ್ನಿ," ಎಂದು ಡ್ರೈವರಜ್ಜನ ಸೊಸೆ ಬಾಗಿಲು ತೆರೆದಾಗ, ಹಲ್ಲಿನ ಸೆಟ್ಟು ಕಟ್ಟುವ ಹಲ್ಲಿನವನ ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಅವನು ಅಜ್ಜನಿಗೆಂದು ಮಾಡಿದ ಹೊಸ ಸೆಟ್ಟು. ಹಾಕಿಕೊಳ್ಳಬೇಕಾದ ಅಜ್ಜ ನಾಲ್ಕು ದಿನದ ಹಿಂದೆ ಪೇಪರ್ ಓದುತ್ತಾ ಕೂತ ಕುರ್ಚಿಯಲ್ಲೇ ಹೊರಟುಹೋಗಿದ್ದರು. ಎಂಬತ್ತೊಂದು ವರ್ಷ, ಹೃದಯ ನಿಂತಿತು, ನರಳಲಿಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದ್ದರು.

ಹಲ್ಲಿನವನಿಗೂ ಅಷ್ಟು ಹೇಳಿ ಎದ್ದುಬಿಡುವ ಆಸೆ. ಕುರ್ಚಿಯ ತುದಿಯಲ್ಲಿ ಕೂತು, "ಇಂಥವರು ಸಿಗಲ್ಲಮ್ಮಾ," ಎಂದ. ಅದೇನೂ ಸುಳ್ಳಲ್ಲ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಅಜ್ಜ, ಹಿಂದೆ ಯಾರಾದರೂ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಸಾಕು, ಬ್ರೇಕ್ ಒತ್ತುತ್ತಿದ್ದರು.

"ದಿನಾ ಲೇಟು, ದಿನಾ ಡಿಪೋದಲ್ಲಿ ಬೈಸಿಕೊಳ್ಳೋರು," ಎಂದು ಎದುರಿಗೆ ಕೂತಿದ್ದ ಅಜ್ಜನ ಮಗ ಸಣ್ಣಗೆ ನಕ್ಕ. "ಅಪ್ಪನಿಗೆ ಅವಸರ ಅನ್ನೋದೇ ಗೊತ್ತಿರಲಿಲ್ಲ."

ಸೊಸೆ ನಗಲಿಲ್ಲ. "ನನ್ನ ಮೇಲೆ ಏನೋ ಬೇಜಾರಿತ್ತು ಅವರಿಗೆ," ಎಂದಳು. "ಒಂದೂವರೆ ತಿಂಗಳಿಂದ ತಟ್ಟೆಗೆ ಹಾಕಿದ್ದು ಹಾಕಿದ ಹಾಗೇ ಇರೋದು. ಹಸಿವಿಲ್ಲಮ್ಮ ಅಂತ ಹಾಲಲ್ಲಿ ಬ್ರೆಡ್ಡು ಅದ್ದಿಕೊಂಡು ಎದ್ದುಬಿಡೋರು. ಕೊನೇ ದಿನ ನಾನೂ ರೇಗಿಬಿಟ್ಟೆ, ನನ್ನ ಅಡುಗೆ ಸೇರದಿದ್ರೆ ನೇರವಾಗಿ ಹೇಳಿ ಅಂತ. ಸುಮ್ಮನೆ ನಕ್ಕರು."

"ನಾಲ್ಕು ದಿನದಿಂದ ಇದೇ ಮಾತು," ಎಂದ ಮಗ. "ಒಂದು ತುತ್ತು ಇಳಿದಿಲ್ಲ ಇವಳಿಗೆ."

ಹಲ್ಲಿನವನು ಜೇಬಿನ ಡಬ್ಬಿಯನ್ನು ಒತ್ತಿ ಹಿಡಿದ. ಈಗ ಎದ್ದು ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಾಯಿಬಿಟ್ಟರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಈ ಸೊಸೆಯ ನಾಲಿಗೆ ಸಾಮಾನ್ಯದ್ದಲ್ಲ. ಆದರೆ ಒಣಗಿದ ಆ ಮುಖ ನೋಡುತ್ತ ಕೂರುವುದು ಅವನಿಂದಾಗಲಿಲ್ಲ.

"ಅಡುಗೆ ಅಲ್ಲಮ್ಮಾ, ತಪ್ಪು ನಂದು." ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. "ಹಳೇ ಸೆಟ್ಟು ಒತ್ತಿ ಒಸಡು ಹುಣ್ಣಾಗಿತ್ತು. ಅಗಿಯೋಕೆ ಆಗ್ತಿರಲಿಲ್ಲ. ವಾರದಲ್ಲಿ ಹೊಸದು ಕೊಡ್ತೀನಿ ಅಂದವನು ಆರು ವಾರ ಮಾಡಿದೆ. ಅವರು ಬಂದಾಗೆಲ್ಲ ಅಂಗಡೀಲಿ ಇನ್ಯಾರೋ ಗಲಾಟೆ ಮಾಡ್ತಿರೋರು. ಅವರದು ಮೊದಲು ಮುಗಿಸಪ್ಪ ಅಂತ ಹೋಗಿಬಿಡೋರು. ಬೈಯೋ ಮನುಷ್ಯ ಅಲ್ವಲ್ಲ, ನಾನೂ ಅವರ ಕೆಲಸ ಹಿಂದಕ್ಕೆ ತಳ್ಳಿದೆ."

"ನನಗ್ಯಾಕೆ ಅವರು ಹೇಳಲಿಲ್ಲ?" ಎಂದಳು ಸೊಸೆ.

ಹಲ್ಲಿನವನು ಡಬ್ಬಿಯನ್ನು ಅವಳ ಕಡೆ ಸರಿಸಿದ. "ನಮ್ಮ ಸೊಸೆಗೆ ಗೊತ್ತಾದ್ರೆ ನಿನ್ನ ಜನ್ಮ ಜಾಲಾಡ್ತಾಳೆ, ಅದಕ್ಕೇ ಹೇಳಿಲ್ಲ ಅನ್ನೋರು. ಕೊನೇ ಸಲ ಬಂದಾಗ, ಮನೇಲಿ ಜೋಳದ ತೆನೆ ಸುಡ್ತಿದ್ದಾಳೆ, ತಡೆಯೋಕಾಗದೆ ಎದ್ದು ಬಂದೆ ಅಂದ್ರು. ಬೇಗ ಕೊಡು ಮಹರಾಯ, ಅವಳ ಕೈಯಡುಗೆ ಬರೀ ನೋಡ್ತಾ ಕೂರೋದು ಯಾವ ಶತ್ರುಗೂ ಬೇಡ ಅಂದ್ರು."

ಅವಳು ಡಬ್ಬಿ ತೆರೆದಳು. ಗುಲಾಬಿ ಒಸಡು, ಬಿಳಿ ಹಲ್ಲಿನ ಸಾಲು, ಮುಂದಿನದೊಂದು ಸ್ವಲ್ಪ ವಾರೆ.

"ಇದು ಸೊಟ್ಟಗಿದೆ."

"ಅವರೇ ಕೇಳಿ ಮಾಡಿಸಿದ್ದು. ನೆಟ್ಟಗಿದ್ರೆ ಮನೇಲಿ ಯಾರೂ ಗುರುತು ಹಿಡಿಯಲ್ಲ ಅಂತ."

ಅವಳಿಗೆ ಮೊದಲು ಬಂದದ್ದು ನಗು. ನಗುತ್ತಲೇ ಅತ್ತಳು, ಮನಸಾರೆ, ಮೂಗು ಸೊರ್ರೆನ್ನಿಸುತ್ತ. ಕಣ್ಣೊರೆಸಿಕೊಂಡವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಆರು ವಾರಾನಾ? ಹುಣ್ಣಿಟ್ಟುಕೊಂಡ ಮುದುಕರನ್ನ ಆರು ವಾರ ಅಲೆಸಿದ್ರಾ? ನಿಮ್ಮ ಹಲ್ಲು ಕಿತ್ತಿಟ್ಟು ಒಂದು ವಾರ ಇರಿ ನೋಡೋಣ!"

ಮಗ ನಡುವೆ ಬಾಯಿ ಹಾಕಲು ಹೋಗಿ, ಹೆಂಡತಿಯ ಮುಖಕ್ಕೆ ಬಣ್ಣ ಬಂದದ್ದನ್ನು ಕಂಡು ಸುಮ್ಮನಾದ. ಹಲ್ಲಿನವನು ತಲೆ ತಗ್ಗಿಸಿ ಕೂತ. ಒಂದೊಂದು ಬೈಗುಳಕ್ಕೂ ಅವನ ಎದೆ ಹಗುರಾಗುತ್ತಿತ್ತು. ಅವಳು ಅಡುಗೆಮನೆಗೆ ಹೋದರೂ ಬೈಗುಳ ನಿಲ್ಲಲಿಲ್ಲ. ಪಕ್ಕದ ಮನೆಯವರು ಕಳಿಸಿದ್ದ ಊಟದ ಪಾತ್ರೆಯನ್ನು ಹಿಡಿದು ಹೊರಗೆ ಬಂದಳು. ಒಂದು ತುತ್ತು ಬಾಯಿಗೆ ಹಾಕಿ, "ಉಪ್ಪೇ ಇಲ್ಲ," ಎಂದಳು. ಹಾಗೆನ್ನುತ್ತಲೇ ಇನ್ನೊಂದು ತುತ್ತು ತೆಗೆದುಕೊಂಡಳು.