ನಾಲ್ಕು ಮೊಳದಾಚೆ

ಆ ಹಳೆಯ ಮೋಟಾರ್‌ಸೈಕಲ್ ಗಾಡಿಯ ಪ್ರಾಣ ಹೋಗುತ್ತಿದ್ದದ್ದು ಯಾವಾಗಲೂ ಒಂದೇ ಬಗೆಯಲ್ಲಿ. ಮೊದಲು ಹಿಂದಿನ ಕೆಂಪು ದೀಪ ಒಮ್ಮೆ ಕಣ್ಣು ಮಿಟುಕಿಸುವುದು. ಆಮೇಲೆ ಹಾರ್ನಿನ ದನಿ ಗಂಟಲಲ್ಲೇ ಅಡಗುವುದು. ಆ ಬಳಿಕ ಎಂಜಿನ್ನು, ಯಾರೋ ಅದರ ಬಾಯಿಗೆ ಕೈ ಅಡ್ಡ ಹಿಡಿದಂತೆ, ತಟ್ಟನೆ ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುವುದು. ರಾಯಬಾಗದ ಗ್ಯಾರೇಜಿನ ಮುಂದೆ, ಒಳ್ಳೆಯ ಬಿಸಿಲಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ ಅದು ಎಂದೂ ಕೆಟ್ಟದ್ದಿಲ್ಲ. ಕೆಡುತ್ತಿದ್ದದ್ದು ಮಂಜು ಇಳಿದ ಮುಂಜಾವುಗಳಲ್ಲಿ, ಎರಡೂ ಕಡೆ ಕಬ್ಬು ಎದ್ದು ನಿಂತ ರಸ್ತೆಯ ಮೇಲೆ, ಅಭಿನಂದನನು ಅದನ್ನು ಪರೀಕ್ಷೆಗೆಂದು ಮೆಲ್ಲಗೆ ಓಡಿಸುವಾಗ.

"ನಿನ್ನ ಗಾಡಿಗೆ ದೆವ್ವ ಹೊಕ್ಕೈತಿ ತಮ್ಮಾ," ಎಂದ ಕಾಡಸಿದ್ದ ಮಿಸ್ತ್ರಿ. ಅಭಿನಂದನನ ತಂದೆ ಬಾಪುಸಾಹೇಬರ ಕಾಲದಿಂದಲೂ ಈ ಗಾಡಿಯ ನಾಡಿ ಹಿಡಿದವನು ಅವನೇ. "ಬ್ಯಾಟರಿ ಹೊಸಾದು ಹಾಕಿದೆ. ಪ್ಲಗ್ ಬದಲಿ ಮಾಡಿದೆ, ಕಾಯಿಲ್ ಬದಲಿ ಮಾಡಿದೆ. ಸೀಟಿನ ಬುಡದ ವೈರ್ ಎಲ್ಲಾ ಜಗ್ಗಿ ನೋಡಿದೆ. ನನ್ನ ಮುಂದ ಬ್ಯಾಂಡಿನವರಂಗ ಬಾರಸ್ತೈತಿ, ನಿನ್ನ ಮುಂದ ಮುಷ್ಕರಾ ಮಾಡ್ತೈತಿ. ಏನ್ ಪಾಪಾ ಮಾಡೀಯೋ ಏನೋ!"

"ಹಂಗನಬ್ಯಾಡ್ರಿ ಕಾಕಾ. ನಾಳೆ ಮಾತಾಜಿಯವರ ವಿಹಾರ ಐತಿ, ನಡಕೊಂತ ಮುಂದಿನ ಊರಿಗೆ ಹೊಂಟಾರ."

"ಅದಕ್ಕ ಹೇಳಾಕತ್ತೀನಿ. ದೀಪಾ, ಹಾರ್ನಾ, ಎಂಜಿನ್ನಾ ಮೂರೂ ಕೂಡೇ ಸಾಯ್ತಾವಂದ್ರ, ಮೂರಕ್ಕೂ ಕೂಡಿದ್ದ ಗಂಟು ಒಂದ ಎಲ್ಲೋ ಸಡ್ಲ ಆಗಿರಬೇಕು. ಆ ಗಂಟು ಇರೂದು ಹೆಡ್‌ಲೈಟಿನ ಡಬ್ಬಿ ಒಳಗ. ಬಿಚ್ಚಲೇನು?"

ಅಭಿನಂದನನ ಕೈ ತಾನಾಗಿ ಹೋಗಿ ಆ ಡಬ್ಬಿಯ ಮೇಲೆ ಕುಳಿತಿತು. "ಬ್ಯಾಡ್ರಿ. ಅದನ್ನ ಮೊನ್ನೆ ನಿಪ್ಪಾಣ್ಯಾಗ ಬಿಚ್ಚಿಸಿ ನೋಡೀನಿ. ಒಳಗ ಎಲ್ಲಾ ನೆಟ್ಟಗೈತಿ."

ಅದು ಸುಳ್ಳು. ನಿಪ್ಪಾಣಿಗೆ ಅವನು ಹೋಗಿಯೇ ಇರಲಿಲ್ಲ. ಡಬ್ಬಿಯೊಳಗೆ ಏನಿದೆಯೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಾತುರ್ಮಾಸ್ಯದ ಮಳೆಗಾಲವಿಡೀ ಊರು ಬಿಟ್ಟು ಹೋಗೆನೆಂಬ ನೇಮ ಹಿಡಿದು ಅವನು ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ. ನೇಮ ಮುಗಿದು ಅದನ್ನು ಹೊರಗೆಳೆದ ದಿನ, ಮುಂದಿನ ಗಾಲಿಯಿಂದ ಮೇಲಕ್ಕೆ ಕೆಂಪಿರುವೆಗಳ ಸಾಲೊಂದು ಏರುತ್ತಿದ್ದದ್ದನ್ನು ಕಂಡ. ಬ್ಯಾಟರಿ ದೀಪ ಹಿಡಿದು ಗಾಜಿನ ಅಂಚಿನ ಸಂದಿಯೊಳಗೆ ಇಣುಕಿದರೆ ಹಸಿಮಣ್ಣು, ಮಣ್ಣಿನ ನಡುವೆ ನುಚ್ಚಕ್ಕಿಯಂಥ ಬಿಳಿಯ ತತ್ತಿಗಳು. ತಂತಿಗಳೆಲ್ಲ ಆ ಮಣ್ಣಿನೊಳಗೆ ಹೂತಿದ್ದವು. ಮಿಸ್ತ್ರಿಯ ಕೈಗೆ ಅದು ಬಿದ್ದರೆ ಆಗುವುದೇನೆಂದು ಅವನು ಬಲ್ಲ: ಪೆಟ್ರೋಲಿನಲ್ಲಿ ಅದ್ದಿದ ಅರಿವೆ, ಒಂದು ಒರೆಸು, ಅಷ್ಟೇ.

"ಖರೇ ಹೇಳಿಬಿಡ್ರಿ ಕಾಡಸಿದ್ದಗ," ಎಂದಿದ್ದಳು ಹೆಂಡತಿ ಬ್ರಾಹ್ಮಿ. "ಇಲ್ಲಾ, ಬ್ಯಾರೆ ಗಾಡಿ ತಗೊಂಡ ಹೋಗ್ರಿ."

ಬೇರೆ ಗಾಡಿ ಸಿಗದೆ ಇರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಮಲ್ಲೇಶನ ಹೊಸ ಗಾಡಿ ಸರ್ವಿಸು ಮುಗಿಸಿಕೊಂಡು ನಿಂತಿತ್ತು. "ಅದನ್ನ ಒಯ್ಯಿ, ಮಲ್ಲೇಶಗ ನಾ ಹೇಳ್ತೀನಿ," ಎಂದು ಕಾಡಸಿದ್ದ ಬೀಗದಕೈ ಚಾಚಿದ.

"ಅವಾ ಅದರ ಮ್ಯಾಲ ಕೋಳಿ ತತ್ತಿ ಹೇರ್ತಾನ್ರೀ. ಮಾತಾಜಿ ಹಿಂದ ಅದನ್ನ ಹೆಂಗ ಒಯ್ಯಲಿ?"

ಕಾಡಸಿದ್ದ ನಕ್ಕ. "ತತ್ತಿ ಹಿಂದಿನ ಬುಟ್ಯಾಗ ಇರ್ತಾವಪಾ, ದೀಪದಾಗ ಇರೂದಿಲ್ಲ!"

ಅಭಿನಂದನನ ಮುಖ ಬಿಳಿಚಿತು. ಗಾಡಿ ಒದ್ದು ಹೊರಟ. ಅದು ಆಜ್ಞಾಧಾರಕನಂತೆ ಅವನೂರು ಅಲಖನೂರಿನ ತನಕ ಓಡಿತು.

ಆ ಗಾಡಿಯ ಹಿಂದಿನ ಸೀಟಿನ ಮೇಲೆ ಒಂದು ಕಾಲಕ್ಕೆ ಅವನ ತಾಯಿ ಲಕ್ಷ್ಮಿಬಾಯಿ ಕುಳಿತು ರಾಯಬಾಗದ ಸಂತೆಗೆ ಹೋಗುತ್ತಿದ್ದರು. ಬಾಪುಸಾಹೇಬರು ತೀರಿಕೊಂಡ ಮೇಲೆ ಅವರು ದ್ರಾಕ್ಷಿಯ ತೋಟವನ್ನೂ ಮನೆಯ ಬೀಗದಕೈಗಳನ್ನೂ ಸೊಸೆಗೆ ಒಪ್ಪಿಸಿ, ತಲೆಗೂದಲನ್ನು ತಮ್ಮ ಕೈಯಿಂದಲೇ ಕಿತ್ತು, ಆರ್ಯಿಕೆಯ, ಅಂದರೆ ಜೈನ ಸನ್ಯಾಸಿನಿಯ, ದೀಕ್ಷೆ ತೆಗೆದುಕೊಂಡರು. ಈಗ ಅವರು ಶ್ರುತಮತಿ ಮಾತಾಜಿ. ಉಟ್ಟದ್ದೊಂದು ಬಿಳಿಯ ಸೀರೆ, ಕೈಯಲ್ಲೊಂದು ಹುಳಹುಪ್ಪಟೆ ಸರಿಸುವ ನವಿಲುಗರಿಯ ಪಿಂಛಿ, ಒಂದು ಕಮಂಡಲು. ವಾಹನವನ್ನು ಏರುವಂತಿಲ್ಲ, ಹಸುರು ಹುಲ್ಲನ್ನು ತುಳಿಯುವಂತಿಲ್ಲ, ಮುಂದಿನ ನಾಲ್ಕು ಮೊಳ ನೆಲವನ್ನು ಕಣ್ಣಿಂದ ಶೋಧಿಸಿ, ಜೀವವಿಲ್ಲವೆಂದು ಕಂಡಲ್ಲಿ ಮಾತ್ರ ಹೆಜ್ಜೆಯಿಡಬೇಕು. ಮುಂದಿನ ನಾಲ್ಕು ಮೊಳಕ್ಕೆ ಅವರ ಕಣ್ಣಿತ್ತು. ಹಿಂದಿನ ದಾರಿಗೆ ಕಣ್ಣಿರಲಿಲ್ಲ. ಹೋದ ಚಳಿಗಾಲದಲ್ಲಿ ಬೇರೊಂದು ಸಂಘದ ತ್ಯಾಗಿಯೊಬ್ಬರನ್ನು ಕಬ್ಬು ಹೇರಿದ ಟ್ರೇಲರು ಹಿಂದಿನಿಂದ ಬಂದು ಕೊಂದಿತ್ತು. ಆ ಸುದ್ದಿ ಕೇಳಿದ ದಿನವೇ ಅಭಿನಂದನನು ಬಸದಿಯಲ್ಲಿ ನಿಂತು ಸಂಕಲ್ಪ ಮಾಡಿದ್ದ: ಮಾತಾಜಿಯವರು ವಿಹಾರಕ್ಕೆ ಹೊರಟಾಗಲೆಲ್ಲ ಅವರ ಬೆನ್ನಿಗೆ ತನ್ನ ತಂದೆಯ ಗಾಡಿಯ ಕೆಂಪು ದೀಪವಿರಬೇಕು. ಅವನ ಮಟ್ಟಿಗೆ ಆ ದೀಪವೊಂದೇ ತಾಯಿಗೂ ಸಾವಿಗೂ ನಡುವಿನ ಗೋಡೆ.

ಮರುದಿನ ಸೂರ್ಯೋದಯವಾದದ್ದು ಪಂಚಾಂಗದಲ್ಲಿ ಮಾತ್ರ. ಹೊರಗೆ ಮಂಜು ಹಾಲಿನಂತೆ ನಿಂತಿತ್ತು. ಅನಂತಪುರದ ದಿಕ್ಕಿಗೆ ಹೊರಡಬೇಕಾದ ದಾರಿ ಬಸದಿಯ ಮೆಟ್ಟಿಲ ಬುಡದಲ್ಲೇ ಮುಗಿದಂತೆ ಕಾಣುತ್ತಿತ್ತು.

"ವಂದಾಮಿ ಮಾತಾಜಿ. ಮಂಜು ಕರಗೂ ಮಟಾ ನಿಂದ್ರಬಹುದಲ್ರಿ?" ಎಂದು ಅಭಿನಂದನ ಕೈಮುಗಿದ.

ಮಾತಾಜಿ ನೆಲ ನೋಡಿದರು. "ನಾಲ್ಕು ಮೊಳ ಕಾಣ್ತೈತಲ್ಲ. ಅಷ್ಟು ಸಾಕು."

ಅವರೂ ಜೊತೆಗಿದ್ದ, ಕಿರಿಯ ದೀಕ್ಷೆಯ ವೃದ್ಧ ಕ್ಷುಲ್ಲಿಕೆಯೂ ಹೊರಟರು. ಹಿಂದೆ ಹತ್ತು ಮಾರು ಬಿಟ್ಟು ಅಭಿನಂದನನ ಗಾಡಿ ನಡಿಗೆಯ ವೇಗದಲ್ಲಿ ಗುಡುಗುಡಿಸುತ್ತ ಬಂತು. ಮಂಜಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಎರಡು ಬಿಳಿಯ ಬೆನ್ನುಗಳು. ಒಮ್ಮೊಮ್ಮೆ ಅವೂ ಇಲ್ಲ. ತನ್ನ ಹಿಂದೆ ಕೆಂಪು ಬೆಳಕು ಮಂಜಿಗೆ ಹತ್ತಿ ಕುಂಕುಮ ಕಲಸಿದ ನೀರಿನಂತೆ ಹರಡಿರುವುದನ್ನು ತಿರುತಿರುಗಿ ನೋಡಿ ಖಾತ್ರಿ ಮಾಡಿಕೊಂಡ. ಕಬ್ಬಿನ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಡ್‌ಲೈಟಿನ ಡಬ್ಬಿಯ ಅಂಚಿನಿಂದಲೂ ತೊಟ್ಟಿಕ್ಕುತ್ತಿತ್ತು, ಆದರೆ ಆ ನೀರು ಮಣ್ಣಿನ ಬಣ್ಣದ್ದು. ಅದನ್ನು ನೋಡಿ ಅವನು ಣಮೋಕಾರ ಮಂತ್ರವನ್ನು ಮೊದಲಿನಿಂದ ಹೇಳತೊಡಗಿದ.

ಆಗ ಹಾಡು ಕೇಳಿಸಿತು. ಬಹಳ ದೂರದಲ್ಲಿ, ಹಿಂದೆ, ದೊಡ್ಡ ಡೆಕ್ಕಿನ ಮರಾಠಿ ಹಾಡು. ಅದರ ಬುಡದಲ್ಲಿ ಟ್ರ್ಯಾಕ್ಟರಿನ ಸದ್ದು. ಎರಡು ಟ್ರೇಲರು ತುಂಬ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಟ ಗಾಡಿಗಳಿಗೆ ನಿಲ್ಲುವ ಶಕ್ತಿ ಕಡಿಮೆ, ನಿಲ್ಲುವ ಮನಸ್ಸು ಇನ್ನೂ ಕಡಿಮೆ.

ಹಿಂದಿನ ದೀಪ ಒಮ್ಮೆ ಕಣ್ಣು ಮಿಟುಕಿಸಿತು.

ಅವನು ಹಾರ್ನು ಒತ್ತಿದ. ಕೆಮ್ಮಿದಂಥ ಒಂದು ದನಿ ಬಂದು ಅಡಗಿತು. ಎಂಜಿನ್ನು ನಿಂತಿತು. ಮಂಜಿನ ಕೆಂಪು ಮಾಯವಾಗಿ ಹಿಂದೆಯೂ ಮುಂದೆಯೂ ಬರಿಯ ಬಿಳುಪು ಉಳಿಯಿತು.

ಒದ್ದ. ಮತ್ತೆ ಒದ್ದ. "ಮಾತಾಜೀ, ಬಾಜೂ ಸರೀರಿ! ಗಾಡಿ ಬರಾಕತ್ತೈತಿ!" ಎಂದು ಕೂಗಿದ. ರಸ್ತೆಯ ಎರಡೂ ಅಂಚಿಗೆ ಹಸುರು ಹುಲ್ಲು ಇಬ್ಬನಿಯಿಂದ ತೊಯ್ದು ನಿಂತಿತ್ತು. ಬಿಳಿಯ ಬೆನ್ನುಗಳು ಡಾಂಬರಿನ ತುದಿಯ ತನಕ ಸರಿದವು, ಹುಲ್ಲಿನ ಎದುರು ನಿಂತವು, ಅದನ್ನು ತುಳಿಯಲಿಲ್ಲ. ಅಷ್ಟು ಸರಿದರೆ ಟ್ರ್ಯಾಕ್ಟರಿಗೆ ಸಾಲದೆಂದು ಅವನಿಗೆ ಗೊತ್ತಿತ್ತು. ಹಾಡು ಈಗ ಬೆನ್ನಿಗೇ ಬಂದಿತ್ತು.

ಆ ಕ್ಷಣದಲ್ಲಿ ಅವನು ಯೋಚಿಸಲಿಲ್ಲ. ಸಡಿಲವಾಗಿದ್ದ ಗಾಜಿನ ಬಟ್ಟಲನ್ನು ಜಗ್ಗಿ ಕಿತ್ತ. ಬಲಗೈಯನ್ನು ಮಣಿಕಟ್ಟಿನ ತನಕ ಡಬ್ಬಿಯೊಳಗೆ ತುರುಕಿದ. ಒಳಗೆ ಹಸಿ, ಮೆತ್ತಗೆ. ಆ ಮೆತ್ತಗಿನದೆಲ್ಲ ಒಮ್ಮೆಲೇ ಎಚ್ಚೆತ್ತು ಕೈಯನ್ನು ಕಚ್ಚಿತು. ಬೆರಳುಗಳು ಗೂಡನ್ನು ಸೀಳಿಕೊಂಡು ಹೋಗಿ ತಂತಿಯ ಗಂಟನ್ನು ಹುಡುಕಿದವು, ಸಿಕ್ಕದ್ದನ್ನೆಲ್ಲ ಸೇರಿಸಿ ಹಿಂಡಿದವು. ಮುಷ್ಟಿಯೊಳಗೆ ಏನೇನೋ ಒಡೆಯಿತು. ಮಂಜು ಕೆಂಪಾಯಿತು. ಎಡಗೈಯಿಂದ ಹಾರ್ನು ಒತ್ತಿ ಹಿಡಿದ. ಗಾಡಿ ಒಂದೇ ಉಸಿರಿನಲ್ಲಿ ಚೀರಿತು.

ಟ್ರ್ಯಾಕ್ಟರು ಅವನ ಮೊಣಕಾಲಿಗೆ ಗಾಳಿ ಬೀಸಿ ಬಲಕ್ಕೆ ಹೊರಳಿತು. ಹಿಂದಿನ ಟ್ರೇಲರು ವಾಲಿ, ಕಬ್ಬಿನ ಹೊರೆಗಳು ಆಚೆ ಬದಿಯ ಗಟಾರಕ್ಕೆ ದಡದಡನೆ ಬಿದ್ದವು. ಹಾಡು ಮಾತ್ರ ನಿಲ್ಲಲಿಲ್ಲ.

"ಏ ಸುಡುಗಾಡಾ! ದೀಪಾ ಮೊದಲ ಹಚ್ಚಾಕ ಏನಾಗಿತ್ತಲೇ ನಿನಗ?" ಎಂದು ಚಾಲಕ ದುಂಡೇಶ ಮೇಲಿನಿಂದ ಕಿರುಚಿದ. ಆಮೇಲೆ ಬಿಳಿಯ ಸೀರೆಗಳನ್ನು ಕಂಡು ಕೆಳಗಿಳಿದು, ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕೈಮುಗಿದ. "ತಪ್ಪಾತ್ರೀ ಯವ್ವಾ. ಕಾಣಲಿಲ್ರಿ, ಏನೂ ಕಾಣಲಿಲ್ರಿ."

ಮಾತಾಜಿ ಹಿಂದಿರುಗಿ ನಡೆದು ಬಂದರು. ಅಭಿನಂದನನ ಪಾದಗಳು ತಮ್ಮ ದೃಷ್ಟಿಯ ನಾಲ್ಕು ಮೊಳದೊಳಗೆ ಕಂಡಾಗ ನಿಂತರು. ಅವನ ಪಾದಗಳ ಬಳಿ ಕೆಂಪು, ಬಿಳಿ, ಮಣ್ಣು ಕಲಸಿದ ಮುದ್ದೆಯೊಂದು ಬಿದ್ದಿತ್ತು. ಅದರಲ್ಲಿ ಕೆಲವು ಇನ್ನೂ ಅಲುಗುತ್ತಿದ್ದವು. ಅವರು ಕತ್ತೆತ್ತಿ ಅವನ ಬಾತ ಕೈಯನ್ನು ನೋಡಿದರು.

ಮುಂದಿನ ಊರಿನ ಬಸದಿಯಲ್ಲಿ ಅವನೇ ಹೋಗಿ ನೆಲಕ್ಕೆ ಹಣೆ ಹಚ್ಚಿ ಪ್ರಾಯಶ್ಚಿತ್ತ ಬೇಡಿದ. ಗೂಡು ಇದ್ದದ್ದು, ಮುಚ್ಚಿಟ್ಟದ್ದು, ಮಿಸ್ತ್ರಿಗೆ ಸುಳ್ಳು ಹೇಳಿದ್ದು, ಮಲ್ಲೇಶನ ಗಾಡಿಯನ್ನು ಒಲ್ಲೆನೆಂದದ್ದು, ಎಲ್ಲವನ್ನೂ ಹೇಳಿದ.

"ಯಾರ ಸಲುವಾಗಿ ಕೊಂದಿ?" ಎಂದರು ಮಾತಾಜಿ.

"ನಿನ್ನ ಸಲುವಾಗಿ, ಅವ್ವಾ."

ಆ ಮಾತು ಅವನ ಬಾಯಿಂದ ಜಾರಿತ್ತು. ಅವರು ಅದನ್ನು ತಿದ್ದಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಪಿಂಛಿಯ ಗರಿಗಳನ್ನು ಒಂದೊಂದಾಗಿ ನೇರ ಮಾಡಿದರು.

"ಸುಳ್ಳಿಗೂ ಹಿಂಸೆಗೂ ನೀ ಉಪವಾಸ ಮಾಡು. ನಾನೂ ಮಾಡ್ತೀನಿ," ಎಂದರು. "ನಮ್ಮ ಸಲುವಾಗಿ ಅಂತ ಬೇಯಿಸಿದ ಅನ್ನಾ ನಾವು ಉಣ್ಣೂದಿಲ್ಲ. ನಮ್ಮ ಸಲುವಾಗಿ ಕೊಂದು ಹಚ್ಚಿದ ದೀಪದಾಗ ಹೆಂಗ ನಡೀಲಿ? ಇನ್ನ ಮ್ಯಾಲೆ ನಮ್ಮ ಹಿಂದ ಯಾವ ಗಾಡಿನೂ ಬರಬಾರದು. ಇದು ನನ್ನ ನಿಯಮ, ದೇಹ ಇರೂ ಮಟಾ."

"ಮಾತಾಜಿ, ಹಂಗ ಮಾಡಬ್ಯಾಡ್ರಿ. ಶಿಕ್ಷಾ ನನಗ ಕೊಡ್ರಿ."

"ಇದು ಶಿಕ್ಷಾ ಅಲ್ಲ, ಅಭಿನಂದನ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಉಪವಾಸದ ದಿನವೇ ಅವನು ಗಾಡಿಯನ್ನು ಕಾಡಸಿದ್ದನಲ್ಲಿಗೆ ಒಯ್ದ. ಮಿಸ್ತ್ರಿ ಡಬ್ಬಿಯೊಳಗೆ ನೋಡಿ ಹುಬ್ಬೇರಿಸಿದ. "ಅಲ್ಲೋ ಮಹರಾಯಾ, ಕೋಳಿ ತತ್ತಿ ಗಾಡಿ ಒಲ್ಲೆ ಅಂದಿ, ನಿನ್ನ ದೀಪದಾಗ ಸಂತಿನ ನೆರೆದಿತ್ತಲ್ಲ! ಮೊದಲ ಹೇಳಿದ್ರ, ಅದನ್ನ ಹಂಗ ಬಿಟ್ಟು ಹೊರಗಿಂದ ಬ್ಯಾರೆ ವೈರ್ ಎಳೀತಿದ್ದಿಲ್ಲೇನು? ಒಂದ ಹುಳಾನೂ ಸಾಯ್ತಿದ್ದಿಲ್ಲ." ಕಿಲುಬು ಹಿಡಿದ ಗಂಟನ್ನು ಕತ್ತರಿಸಿ, ಹೊಸದಾಗಿ ಕಟ್ಟಿ, ಕಪ್ಪು ಟೇಪು ಸುತ್ತಿದ. "ಇನ್ನ ಇದು ಕೆಡೂದಿಲ್ಲ, ತಗೋ."

ಕೆಡಲೂ ಇಲ್ಲ. ಮರುದಿನ ಮುಂಜಾವಿನಲ್ಲಿ ಅದೇ ಮಂಜಿನಲ್ಲಿ, ಆ ಊರಿನ ಬಸದಿಯ ಮುಂದಿನ ರಸ್ತೆಯ ನಡುವೆ, ಸ್ಟ್ಯಾಂಡು ಹಾಕಿ ನಿಲ್ಲಿಸಿದ ಗಾಡಿ ಸರಿಯಾದ ಲಯದಲ್ಲಿ ಬಡಿದುಕೊಳ್ಳುತ್ತಿತ್ತು. ಹಿಂದಿನ ದೀಪ ಮಿಟುಕದೆ ಉರಿಯುತ್ತಿತ್ತು. ಬಿಳಿಯ ಬೆನ್ನುಗಳೆರಡೂ ಅದರ ಬೆಳಕನ್ನು ದಾಟಿ ಹೋದವು. ಅರೆಕ್ಷಣ ತೆಳುಗೆಂಪಾಗಿ ಕಂಡು, ಬಿಳಿಯಾಗಿ, ಇಲ್ಲವಾದವು. ಮಾತಾಜಿ ಹಿಂದಿರುಗಿ ನೋಡಲಿಲ್ಲ. ಅವರು ನೋಡಬೇಕಾದದ್ದು ಮುಂದಿನ ನೆಲವನ್ನು.

ಹಿಂಬಾಲಿಸಬಾರದೆಂದಿದ್ದರು, ನಿಲ್ಲಬಾರದೆಂದಿರಲಿಲ್ಲ. ಹಿಂದಿನಿಂದ ಬಂದ ಮೊದಲನೆಯ ಟ್ರ್ಯಾಕ್ಟರಿಗೆ ಅವನು ಬಾತ ಕೈ ಅಡ್ಡ ಹಿಡಿದ. "ಮುಂದ ಮಾತಾಜಿ ಹೋಗ್ಯಾರಪಾ. ಹಾಡು ಬಂದ್ ಮಾಡು. ಹಗೂರ ಹೋಗು, ಕೈ ಮುಗೀತೀನಿ."

"ಆತ್ರೀ," ಎಂದು ಆ ಚಾಲಕ ಡೆಕ್ಕು ಬಂದ್ ಮಾಡಿ ಮೆಲ್ಲಗೆ ಸಾಗಿದ. ಎರಡನೆಯವನಿಗೂ ಹೇಳಿದ, ಅವನೂ ತಲೆಯಾಡಿಸಿದ. ಈ ದಾರಿಯನ್ನು ಹೀಗೆ ತಾನೊಬ್ಬನೇ ಕಾಯಬಲ್ಲೆನೆಂಬ ಧೈರ್ಯವೊಂದು ಅಭಿನಂದನನ ಎದೆಯಲ್ಲಿ ಮೂಡತೊಡಗಿತ್ತು.

ಅಷ್ಟರಲ್ಲಿ ಮತ್ತೆ ಹಾಡು ಕೇಳಿಸಿತು. ಅವನು ಕೈಯೆತ್ತಿ ಹಿಂದಕ್ಕೆ ತಿರುಗಿ ನಿಂತ. ಹಿಂದಿನ ದಾರಿಯಲ್ಲಿ ಏನೂ ಇರಲಿಲ್ಲ. ಹಾಡು ಬರುತ್ತಿದ್ದದ್ದು ಮುಂದಿನಿಂದ: ಎಲ್ಲೋ ಮಂಜಿನಾಚೆ, ಕಬ್ಬು ಕಡಿದ ಹೊಲದ ಗಾಡಿದಾರಿಯೊಂದು ರಸ್ತೆಗೆ ಕೂಡುವ ಕಡೆಯಿಂದ. ಭಾರದ ಟ್ರೇಲರುಗಳು ದಿಬ್ಬ ಏರಿ ಡಾಂಬರಿಗೆ ಬಿದ್ದ ಸದ್ದಾಯಿತು. ಗೇರು ಬದಲಾಯಿತು. ಹಾಡು ದೂರ ದೂರಕ್ಕೆ, ಮಾತಾಜಿ ಹೋದ ದಿಕ್ಕಿಗೇ, ವೇಗವಾಗಿ ಸರಿಯಿತು.

ಅವನು ಹಾರ್ನು ಒತ್ತಿ ಹಿಡಿದ. ಗಾಡಿಯ ದನಿ ಒಂದಿಷ್ಟೂ ತಡವರಿಸದೆ ಮಂಜಿನೊಳಗೆ ಹೋಯಿತು. ಅವನ ಬೆನ್ನ ಹಿಂದೆ, ಯಾರೂ ಇಲ್ಲದ ರಸ್ತೆಯ ಮೇಲೆ, ಕೆಂಪು ದೀಪ ನಿಶ್ಚಲವಾಗಿ ಉರಿಯುತ್ತಲೇ ಇತ್ತು.