ಶಾಬಾಸ್ ಅನ್ನುವ ಬಾಟಲಿ

ಶೈಲಾ ಮೇಡಂ ದಿನಾ ಗೋಕಾಕದಿಂದ ಬಸ್ ಹಿಡಿದು ಹುಕ್ಕೇರಿ ಕಡೆಯ ಇಂಜಿನಿಯರಿಂಗ್ ಕಾಲೇಜಿಗೆ ಪಾಠ ಮಾಡಲು ಬರುತ್ತಿದ್ದರು. ಬೆಳಗಿನ ಚಹಾ ಒಂದು ಬಿಟ್ಟರೆ ಸಂಜೆ ಮನೆ ಮುಟ್ಟುವವರೆಗೆ ಹನಿ ನೀರೂ ಗಂಟಲಿಗಿಳಿಯುತ್ತಿರಲಿಲ್ಲ. ಅದೇನು ವ್ರತವಲ್ಲ. ಕಾಲೇಜಿನ ಹೆಂಗಸರ ಶೌಚಾಲಯದಲ್ಲಿ ಮುರಿದ ಬೆಂಚುಗಳು ಸಂಸಾರ ಹೂಡಿದ್ದವು, ಅಷ್ಟೇ.

ಇಂಥವರನ್ನೇ ಸ್ಮಾರ್ಟ್ ನೀರಿನ ಬಾಟಲಿಗಳ ಸ್ಪರ್ಧೆಗೆ ತೀರ್ಪುಗಾರರನ್ನಾಗಿ ಮಾಡಿದರು. ಪ್ರಿನ್ಸಿಪಾಲ್ ವೀರಪ್ಪನವರ ಕೋಣೆಯಲ್ಲಿ ಸಭೆ ಸೇರಿತು. ಬಾಟಲಿ ಹೇಗಿರಬೇಕು ಎಂಬ ಚರ್ಚೆ ಕಾವೇರಿತು. ಸೋರಬಾರದು ಎಂಬುದಕ್ಕೆ ಯಾರೂ ಅಷ್ಟು ಬೆಲೆ ಕೊಡಲಿಲ್ಲ.

"ಸ್ಮಾರ್ಟ್ ಅಂದಮ್ಯಾಲ ಲೈಟ್ ಹತ್ತಬೇಕ್ರಿ. ಕಾಲೇಜಿನ ಹೆಸರು ದೊಡ್ಡದಾಗಿ ಕಾಣಬೇಕು," ಅಂದರು ವೀರಪ್ಪ.

ಇನ್ನೊಬ್ಬ ತೀರ್ಪುಗಾರ ಬಾಳೇಶ ಸರ್ ಮುಚ್ಚಳದ ಬಣ್ಣದ ಮೇಲೆಯೇ ಒಂದು ಭಾಷಣ ಬಿಗಿದರು.

ಪೂನಮ್ ಎಂಬ ಕೊನೆಯ ವರ್ಷದ ಹುಡುಗಿ ಮಾಡಿದ ಬಾಟಲಿಗೆ ಬಾಯಿತ್ತು. ತುಸು ಹೊತ್ತು ಸುಮ್ಮನೆ ಇಟ್ಟರೆ "ನೀರ ಕುಡೀರಿ" ಅನ್ನುತ್ತಿತ್ತು, ಕುಡಿದರೆ "ಶಾಬಾಸ್!" ಅನ್ನುತ್ತಿತ್ತು. ಅದನ್ನು ಪರೀಕ್ಷಿಸುವ ಭಾಗ್ಯ ಶೈಲಾಗೆ ಬಂತು. ಹೆಂಗಸರಿಗೆ ತಾಳ್ಮೆ ಹೆಚ್ಚಂತೆ. ಬಾಳೇಶ ಸರ್ ಭಾಷಣ ಮುಂದುವರಿಯಿತು, ಬಾಟಲಿ ಹಟ ಬಿಡಲಿಲ್ಲ, ಶೈಲಾ ಕುಡಿಯುತ್ತ ಹೋದರು. ಕಡೆಗೆ ಶಾಬಾಸ್‌ಗಿರಿ ಸಾಕಾಗಿ, ತಡೆಯಲಾರದೆ ಕಾಲಿಗೆ ಕಾಲು ಬಿಗಿದು ಕೂತು, ಬಾಜೂಕ ನಿಂತಿದ್ದ ಪೂನಮ್‌ಳನ್ನು ಮೆಲ್ಲಗೆ ಕೇಳಿದರು:

"ನೀ ದಿನಾ ಎಷ್ಟ ನೀರ ಕುಡೀತೀಯವ್ವಾ?"

"ಕಾಲೇಜಿನ್ಯಾಗ ಕುಡಿಯೂದಽ ಇಲ್ರಿ ಮೇಡಂ. ಕುಡದು ಎಲ್ಲಿಗೆ ಹೋಗೂದ್ರಿ?"

ಶೈಲಾಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ತಾವೂ ಬಾಯಿ ಮುಚ್ಚಿಕೊಂಡು ಕೂತಿದ್ದರಲ್ಲ! ಎದ್ದು ನಿಂತರು.

"ಸರ್, ನಿಮ್ಮ ಬಾತ್‌ರೂಮಿನ ಕೀಲಿ ಕೊಡ್ರಿ."

"ಅದು... ಗೆಸ್ಟ್ ಬಂದ್ರ ಇರಲಿ ಅಂತ ಇಟ್ಟೇವ್ರಿ ಮೇಡಂ."

"ಮತ್ತ ಪರೀಕ್ಷಾ ಅರ್ಧಕ್ಕ ನಿಲ್ಲಸೂಣೇನ್ರಿ?"

ವೀರಪ್ಪನವರು ಕೀಲಿ ಕೊಟ್ಟರು. ಶೈಲಾ ಹೋಗಿಬಂದರು. ಕೀಲಿ ಮಾತ್ರ ವೀರಪ್ಪನವರ ಕೈಗೆ ಮರಳಲಿಲ್ಲ, ಪೂನಮ್ ಕೈಗೆ ಹೋಯಿತು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಅವತ್ತೂ ಮರುದಿನವೂ ಹುಡುಗಿಯರ ಸಾಲು ಪ್ರಿನ್ಸಿಪಾಲರ ಮೇಜಿನ ಮುಂದೆಯೇ ಹಾದು ಒಳಗೆ ಹೋಯಿತು. ಒಬ್ಬೊಬ್ಬಳೂ "ನಮಸ್ಕಾರ್ರಿ ಸರ್" ಅನ್ನದೆ ಮುಂದೆ ಹೋಗಲಿಲ್ಲ. ನಮಸ್ಕಾರಕ್ಕೆಲ್ಲ ತಲೆ ಬಾಗಿಸಿ ಬಾಗಿಸಿ ವೀರಪ್ಪನವರ ಕುತ್ತಿಗೆ ಹಿಡಿದುಕೊಂಡಿತು. ಮೂರನೆಯ ದಿನ ಮುರಿದ ಬೆಂಚುಗಳಿಗೆ ಬೇರೆ ಜಾಗ ಸಿಕ್ಕಿತು. ನಲ್ಲಿಯಲ್ಲಿ ನೀರೂ ಬಂತು.

ಬಹುಮಾನ ಏಳು ಬಣ್ಣದ ಲೈಟು ಮಿಣುಕಿಸುವ ಬೇರೊಂದು ಬಾಟಲಿಗೆ ಹೋಯಿತು. ಅದು ತಳದಲ್ಲಿ ಸ್ವಲ್ಪ ಸೋರುತ್ತಿತ್ತು. ಬಾಳೇಶ ಸರ್ ಅದನ್ನು ಎತ್ತಿ ಹಿಡಿದು ಫೋಟೋಕ್ಕೆ ನಿಂತಾಗ ಅಂಗಿಯ ತೋಳು ತೊಯ್ದು ತೊಪ್ಪೆಯಾಯಿತು. ಪೂನಮ್ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.